ನಾಲಿಗೆಯ ಮೇಲಿನ ಅಂಗಾರ

ಸುರಪುರದ ಅಂಚಿನ ಓಣಿಯಲ್ಲಿ, ನಸುಕಿನಲ್ಲೆದ್ದು ಬೇವಿನ ಮರಕ್ಕೆ ಮುಖಮಾಡಿ ಗುನುಗಿದ್ದೇ ದೇವಿಂದ್ರ ಮಾಸ್ತರರ ಅನರ್ಥಕ್ಕೆ ಮೂಲವಾಯಿತು.

‘ಹಳ್ಳದ ಮರಳಾಗ ಹೊರಳಿದ ಮರುಳ ಮರಳಿ ಮರಳಾಗ ಹೊರಳಿದ.’

ಓದುವಾಗ ತೊದಲುವ ಮಕ್ಕಳ ನಾಲಿಗೆ ಹದಗೊಳ್ಳಲೆಂದು ಅವರೇ ಕಟ್ಟಿದ ಸಾಲು. ಮಕ್ಕಳು ಅದನ್ನು ಮತ್ತೆ ಮತ್ತೆ ಅಂದೇ ಅವರ ಓದು ತಿಳಿಗೊಂಡಿತ್ತು. ಇಂದು ಮೇಲಧಿಕಾರಿ ಯಶೋಧರಾ ಮೇಡಂ ಓದು ಕೇಳಲು ಬರುವವರು. ಮಕ್ಕಳು ತಡವರಿಸಿದರೆ ಮಾಸ್ತರರಿಗೆ ದಸರಾ ರಜೆಯಲ್ಲಿ ಭೀಮರಾಯನಗುಡಿಯಲ್ಲಿ ತರಬೇತಿ. ಹೆಂಡತಿ ಸವಿತಾಳನ್ನು ವಡಗೇರಾದ ತವರಿಗೆ ಕರೆದೊಯ್ಯುವ ಮಾತು ಹೋದ ವರ್ಷವೇ ತಪ್ಪಿತ್ತು. ಈ ವರ್ಷವೂ ತಪ್ಪಿದರೆ ಮನೆಯಲ್ಲಿ ರೊಟ್ಟಿ ಸಿಗುವುದು ಅನುಮಾನ.

ಗೋಡೆಯಾಚೆಯಿಂದ ನೆರೆಮನೆಯ ಮಲ್ಲಾಬಾಯಿಯ ತಲೆ ಮೇಲೆದ್ದಿತು, ಹೊಂಚುವ ಬೆಕ್ಕಿನಂತೆ.

‘ಏನ್ರೀ ಮಾಸ್ತರ, ಗಿಡದ ಮುಂದ ನಿಂತು ಏನ್ ಮಣಮಣ ಅನ್ನಾಕತ್ತೀರಿ?’

‘ಏನಿಲ್ಲಬೇ, ಮಕ್ಕಳ ನಾಲಿಗಿ ಹೊರಳಲಿ ಅಂತ...’

‘ನಮ್ಮ ಮೊಮ್ಮಗಳು ಶಿವಲೀಲಾ ನಿದ್ದ್ಯಾಗೂ ಅದನ್ನ ವಟಗುಟ್ಟಾಕತ್ತಾಳ. ಶಾಲಿ ಪಾಠ ನಿದ್ದ್ಯಾಗ ಓದೋ ಕೂಸು ಎಲ್ಲ್ಯರ ಐತೇನ್ರಿ? ಇದು ಮಾಟಾನ ಸೈ!’

ತಲೆ ಮರೆಯಾಯಿತು. ಮುದುಕಿ ಅಷ್ಟಕ್ಕೇ ಬಿಟ್ಟಾಳೆಯೇ ಎಂಬ ಗುಮಾನಿ ಮಾಸ್ತರರನ್ನು ಶಾಲೆಯವರೆಗೂ ಹಿಂಬಾಲಿಸಿತು.

ಮೇಡಂ ಬಂದರು. ‘ಓದವ್ವ ಶಿವಲೀಲಾ,’ ಎಂದರು ಮಾಸ್ತರರು.

ಶಿವಲೀಲಾ ತುಟಿ ಬಿಚ್ಚಲಿಲ್ಲ. ಪಕ್ಕದವನೂ ಇಲ್ಲ. ಇಡೀ ತರಗತಿ ಹಾಡು ಮರೆತ ಹಕ್ಕಿಗೂಡಿನಂತೆ ಕುಳಿತಿತ್ತು. ಮಾಸ್ತರರು ಅಂಗಲಾಚಿದಾಗ ಹುಡುಗಿ ನಾಲಿಗೆ ಚಾಚಿದಳು: ಬೂದುಬಣ್ಣ! ಕೊಡೇಕಲ್ಲಿನ ಗುಡಿಯಿಂದ ತಂದ ಅಂಗಾರ, ದೇವರ ಬೂದಿ. ಅದನ್ನು ಇಟ್ಟವರೇ ‘ಮಾತಾಡು’ ಎನ್ನುವತನಕ ಮೌನ ಮುರಿಯಬಾರದೆಂಬುದು ಓಣಿಯ ಕಟ್ಟಳೆ. ಮಲ್ಲಾಬಾಯಿ ಶಾಲೆಯ ಬಾಗಿಲಲ್ಲೇ ಎಲ್ಲರ ನಾಲಿಗೆಗೂ ಹಚ್ಚಿದ್ದಳು.

‘ಅರಳು ಹುರಿದಂಗ ಓದ್ತಾವ್ರಿ ಮೇಡಂ! ಇವತ್ತ ಬಾಯಾಗ ಅಂಗಾರ ಐತ್ರಿ...’

‘ಎಲ್ಲಾರ ಬಾಯಾಗೂ?’ ತಕ್ಕಡಿಯಲ್ಲಿ ಮೋಸ ಕಂಡವರಂತೆ ಮೇಡಂ ಕಣ್ಣು ಕಿರಿದಾಗಿಸಿದರು. ‘ಅದೇನು ಕಲಿಸೀರಿ, ನೀವರ ಒಂದ್ಸಲ ಅನ್ರಿ ನೋಡೋಣ.’

ಮಾಸ್ತರರು ಬೆವರೊರೆಸಿಕೊಂಡರು. ‘ಹಳ್ಳದ ಮರಲಾಗ ಹೊಳರಿದ ಮಳುರ...’

‘ತಪ್ಪಿತು! ಮಂತ್ರ ತಪ್ಪಿತು!’ ಕಿಟಕಿಯಲ್ಲಿ ಮಲ್ಲಾಬಾಯಿ ಚಪ್ಪಾಳೆ ತಟ್ಟಿದಳು. ‘ಮಾಟ ಮುರೀತು! ಮಾತಾಡ್ರೋ ಮಕ್ಕಳ್ರ್ಯಾ!’

ಕಾಲುವೆಯ ತೂಬು ತೆರೆದಂತಾಯಿತು. ಪುಸ್ತಕವಷ್ಟೇ ಅಲ್ಲ, ಮೇಡಂ ಅನುಮಾನದಿಂದ ಕೊಟ್ಟ ಪೇಪರನ್ನೂ ಮಕ್ಕಳು ಎಲ್ಲಿಯೂ ಎಡವದೆ ಓದಿದರು.

ಮೇಡಂ ಎದ್ದರು. ಕೈಮುಗಿದು ನಿಂತ ಮಾಸ್ತರರನ್ನು ದಾಟಿ ಹೋಗಿ ಮಲ್ಲಾಬಾಯಿಯ ಕೈ ಹಿಡಿದರು.

‘ಯಮ್ಮಾ, ಮಾಸ್ತರ ಮುಂದ ಮೂಕಾಗಿದ್ದ ಮಕ್ಕಳು ನಿನ್ನ ಒಂದ ಮಾತಿಗೆ ಹಿಂಗ ಓದಿದ್ವಲ್ಲ! ದಸರಾ ರಜಾದಾಗ ಭೀಮರಾಯನಗುಡಿಗೆ ಬಾ. ಮಾಸ್ತರಗಳಿಗೆ ನೀನ ಕಲಿಸಬೇಕು.’ ಹಿಂದಿರುಗಿ ನೋಡಿದರು. ‘ದೇವಿಂದ್ರ, ನೀವು ಮೊದಲನೇ ಸಾಲಿನ್ಯಾಗ ಕೂಡ್ರಿ.’

ಮಾಸ್ತರರು ಹಾಗಲ್ಲವೆನ್ನಲು ಬಾಯಿ ತೆರೆದರು. ಮಲ್ಲಾಬಾಯಿ ಅದಕ್ಕಾಗಿಯೇ ಕಾದಿದ್ದಳು. ಚಿಟಿಕೆ ಅಂಗಾರ ನೇರ ನಾಲಿಗೆಗೆ ಬಿತ್ತು.

ಸಂಜೆ ಸವಿತಾಳಿಗೆ ಏನು ಹೇಳುವುದೆಂಬ ಚಿಂತೆಯೊಂದು ಮಾತ್ರ ಅವರಿಗೆ ತಪ್ಪಿತು.