ಎರಡು ಓಣಿ, ಒಂದು ಟೀಮು, ನಮ್ಮ ಮಾವ

ವಿಡಿಯೋ ಗೇಮ್ ಮಶೀನಿಗೆ ಸೀಟಿ ಊದಿ ಫೌಲ್ ಕೊಟ್ಟ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆತ ನನ್ನ ಸೋದರಮಾವ. ಜಗತ್ತಿನಲ್ಲಿ ಅಂಥವನು ಇನ್ನೊಬ್ಬ ಇರಲಿಕ್ಕಿಲ್ಲ. ಇದ್ದರೆ ದಯವಿಟ್ಟು ಇಬ್ಬರನ್ನೂ ಒಂದೇ ಊರಿಗೆ ಪೋಸ್ಟಿಂಗ್ ಮಾಡಬೇಡಿ.

ಮಾವ ಕಮಲಾಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಪ್ರತಿ ಭಾನುವಾರ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ಕಲಬುರಗಿಯ ನಮ್ಮ ಮನೆಗೆ ಬರುತ್ತಿದ್ದ. ನಮ್ಮಪ್ಪನ ಎದುರಿಗೇ ಕೂತು ಅವ್ವನಿಗೆ ಹೇಳುತ್ತಿದ್ದ:

“ಅಕ್ಕಾ, ನಿಮ್ಮ ಮನಿಯವರಿಗೆ ಹೇಳು, ಹಣ್ಣು ಇವತ್ತೇ ತಿನ್ನಬೇಕು, ನಾಳಿಗಿ ಇರಂಗಿಲ್ಲ.”

ಅಪ್ಪ ಪೇಪರ್ ಕೆಳಗಿಳಿಸದೆ, “ನಿನ್ನ ತಮ್ಮಗ ಹೇಳು, ಹಣ್ಣು ತಿನ್ನೋದು ನನಗ ಗೊತ್ತದ” ಅನ್ನುತ್ತಿದ್ದ.

ನಡುವೆ ನಿಂತ ಅವ್ವ ಎರಡೂ ಕಡೆಯ ಮಾತಿನ ಮುಳ್ಳು ತೆಗೆದು ಆಚೀಚೆ ಸಾಗಿಸಬೇಕು. ಅವರಿಬ್ಬರೂ ಮೂರಡಿ ದೂರದಲ್ಲೇ ಕೂತಿರುತ್ತಿದ್ದರು, ಕಿವಿಗಳೂ ಚೆನ್ನಾಗಿಯೇ ಇದ್ದವು.

ಕಾರಣ ಕಬಡ್ಡಿ. ಕಮಲಾಪುರದಲ್ಲಿ ಅವ್ವ ಮತ್ತು ಮಾವ ಮ್ಯಾಲಿನ ಓಣಿಯವರು, ಅಪ್ಪ ಕೆಳಗಿನ ಓಣಿಯವನು. ಅಪ್ಪ-ಅವ್ವನ ಮದುವೆಗೆ ಮುಂಚಿನ ಒಂದು ಪಂದ್ಯದಲ್ಲಿ ಅಪ್ಪ ದಮ್ ಹಿಡಿದು ಬಂದಾಗ ಮಾವ ಕಾಲು ಹಿಡಿದನಂತೆ. ಅಪ್ಪನ ಉಸಿರು ಗೆರೆ ಮುಟ್ಟುವ ಮೊದಲು ಕಡಿಯಿತೋ, ಮುಟ್ಟಿದ ಮೇಲೋ? ಈ ಘನ ಪ್ರಶ್ನೆ ಇತ್ಯರ್ಥವಾಗದೆ, ನನಗೆ ಮೀಸೆ ಬರುವವರೆಗೂ ಇಬ್ಬರೂ ನೇರ ಮಾತಾಡಿರಲಿಲ್ಲ.

ಹೀಗಿರುವಾಗ ಸ್ಟೇಶನ್ ಬಜಾರಿನ ವಿಡಿಯೋ ಗೇಮ್ ಪಾರ್ಲರಿಗೆ ಆ ಆಟ ಬಂತು. ಅಬ್ಬಾ, ಏನು ಆಟ ಅದು! ಅದುವರೆಗೆ ಒಂದು ಆಟದ ಹೀರೋ ಅದೇ ಆಟದಲ್ಲಿ ಹೊಡೆದಾಡಿ ಅಲ್ಲೇ ಬಿದ್ದಿರುತ್ತಿದ್ದ. ಇದರಲ್ಲಿ ಬೇರೆ ಬೇರೆ ಆಟಗಳ ಹೀರೋಗಳೆಲ್ಲ ಒಂದೇ ಪರದೆ ಮೇಲೆ. ಅವರಲ್ಲಿ ನಮಗೆ ಬೇಕಾದ ಮೂವರನ್ನು ಆರಿಸಿ ಟೀಮು ಕಟ್ಟಬಹುದು. ಒಬ್ಬ ಬಿದ್ದರೆ ಇನ್ನೊಬ್ಬ ಬರುತ್ತಾನೆ. ಉಳಿದ ಮಶೀನುಗಳ ಮೇಲೆ ಧೂಳು ಕೂತಿತು, ಇದರ ಮುಂದೆ ಮಾತ್ರ ಬೀದಿಯವರೆಗೆ ಸಾಲು. ಆಟದ ಪೂರ್ತಿ ಹೆಸರು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ, ಹೆಸರಿನ ಕೊನೆಗಿದ್ದ ವರ್ಷದ ಅಂಕಿಯಿಂದಲೇ ಕರೆಯುತ್ತಿದ್ದೆವು. ಕಾಲೇಜಿಗೆಂದು ಹೊರಟ ನನ್ನ ಸೈಕಲ್ಲು ತಾನೇ ಸ್ಟೇಶನ್ ಕಡೆ ತಿರುಗುತ್ತಿತ್ತು.

ಒಂದು ಭಾನುವಾರ ನನ್ನನ್ನು ಹುಡುಕಿಕೊಂಡು ಮಾವ ಅಲ್ಲಿಗೇ ಬಂದ. ಬೈಯಲು ಬಾಯಿ ತೆರೆದವನು ಪರದೆ ನೋಡಿ ಹಾಗೇ ನಿಂತ. ಬಿದ್ದವನ ಮೇಲೆ ಎದುರಾಳಿ ಒದ್ದದ್ದೇ ತಡ, ಕೊರಳಲ್ಲಿದ್ದ ಸೀಟಿ ತೆಗೆದು ಊದಿಯೇ ಬಿಟ್ಟ.

“ಫೌಲ್. ಬಿದ್ದವಗ ಹೊಡಿಬಾರದು.”

ಪಾರ್ಲರಿನ ಮಾಲೀಕ ಚಾಚಾ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. “ಮಾಸ್ಟರ್ ಸಾಬ್, ಮಶೀನಿಗಿ ಕಿವಿ ಇರಂಗಿಲ್ರಿ. ಸೀಟಿ ಒಳಗ ಇಡ್ರಿ, ಗಿರಾಕಿ ಹೆದರ್ಲಾಕತ್ತಾರ.”

ಮಾವನನ್ನು ಹಿಡಿದದ್ದು ಇನ್ನೊಂದು ಸಂಗತಿ. ನಮ್ಮ ಆಟಗಾರ ಏಟು ತಿಂದು ತಲೆ ತಿರುಗಿ ನಿಂತರೆ, ಹಿಂದೆ ನಿಂತ ಜೊತೆಗಾರ ಒಮ್ಮೊಮ್ಮೆ ಹಾರಿ ಬಂದು ಕಾಪಾಡುತ್ತಾನೆ, ಒಮ್ಮೊಮ್ಮೆ ಕೈ ಕಟ್ಟಿ ನಿಲ್ಲುತ್ತಾನೆ.

“ಯಾಕೋ? ಅವ ಯಾಕ ಬರಲಿಲ್ಲ?”

“ಅವರಿಬ್ಬರಿಗಿ ಬಗೀಹರಿಯಂಗಿಲ್ಲ ಮಾವ. ದೋಸ್ತಿ ಇದ್ದರಷ್ಟೇ ಬರ್ತಾನ.”

ಮಾವ ಮಶೀನನ್ನು ದೇವರ ಫೋಟೋದಂತೆ ನೋಡಿದ. “ಇದು ನಮ್ಮ ಸಾಲಿ ಕತಿನೇ ಅದಲೋ” ಅಂದ.

ಸಂಗತಿ ನಿಜ. ಜಿಲ್ಲಾ ಕಬಡ್ಡಿ ಹತ್ತಿರ ಬಂದಿತ್ತು. ಶಾಲೆಯಲ್ಲಿ ಎರಡೂ ಓಣಿಯ ಹುಡುಗರನ್ನು ಕೂಡಿಸಿದರಷ್ಟೇ ಒಂದು ಟೀಮು ಆಗುತ್ತಿತ್ತು. ಆದರೆ ಎದುರಾಳಿಯನ್ನು ಹಿಡಿಯುವಾಗ ಸಾಲಾಗಿ ಕೈ ಕೈ ಹಿಡಿಯಬೇಕಲ್ಲ, ಮ್ಯಾಲಿನ ಓಣಿಯ ಶರಣು ಕೆಳಗಿನ ಓಣಿಯ ಬಸುವಿನ ಕೈ ಮುಟ್ಟುತ್ತಿರಲಿಲ್ಲ. ಸರಪಳಿ ಪ್ರತಿ ಸಲ ನಡುವೆಯೇ ತುಂಡು. ಎದುರಾಳಿ ಅಲ್ಲಿಂದ ಟಾಟಾ ಮಾಡಿ ಹೋಗಬಹುದಿತ್ತು.

ಮಾವ ಮರುದಿನದಿಂದಲೇ ಆಟವನ್ನು ಶಾಲೆಗೆ ತಂದ. ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆ ಮೊಣಕಾಲು ಬಗ್ಗಿಸಿ ಗಾಳಿಯಲ್ಲಿ ಬೆಂಕಿಯುಂಡೆ ಎಸೆಯತೊಡಗಿತು. ಇದು ಯಾವ ಯೋಗಾಸನವೆಂದು ಹೆಡ್‌ಮಾಸ್ತರರು ಕೇಳಿದರೆ, “ಹೊಸಾ ಸಿಲೆಬಸ್ ರೀ ಸರ್” ಅಂದನಂತೆ. ಹುಡುಗರಿಗೆ ಬೆಂಕಿ ಎಸೆಯುವುದು ಬಂತು, ಕೈ ಹಿಡಿಯುವುದು ಬರಲಿಲ್ಲ. ಕೊನೆಗೆ ಮಾವ ರೇಗಿದ. “ಬ್ಯಾರೆ ಬ್ಯಾರೆ ಆಟದವರೇ ಒಂದು ಟೀಮ್ ಆಗ್ಯಾರ, ಒಂದೇ ಊರಾಗಿನವರು ನಿಮಗೇನು ಧಾಡಿ?”

ಶರಣು ವಿನಯದಿಂದ ಕೇಳಿದ, “ಸರ್, ನೀವು ನಿಮ್ಮ ಭಾವನ ಜೋಡಿ ಮಾತಾಡ್ತೀರೇನ್ರಿ?”

ಬಸು ಸೇರಿಸಿದ, “ನೀವು ಮಾತಾಡ್ರಿ ಸರ್, ನಾವು ಕೈ ಹಿಡೀತೀವಿ. ಆದ್ರ ನಮ್ಮೆದುರಿಗೇ ಮಾತಾಡಬೇಕು.”

ಅವರಿಬ್ಬರೂ ಒಂದೇ ಪಕ್ಷ ವಹಿಸಿದ್ದು ಅದೇ ಮೊದಲು.

ಆ ಭಾನುವಾರ ಮಾವ ಸಾಕ್ಷಿಗಳಿಬ್ಬರನ್ನೂ ಬಸ್ಸಿನಲ್ಲಿ ಕರೆತಂದ. ಬಾಳೆಹಣ್ಣು ಮರೆತಿದ್ದ. ಹೊಸ್ತಿಲಲ್ಲೇ ನಿಂತ. ಅಪ್ಪ ಪೇಪರಿನ ಹಿಂದೆ. ಅವ್ವ ರೂಢಿಯಂತೆ ನಡುವೆ ಬಂದು ನಿಂತು ತಮ್ಮನ ಮುಖ ನೋಡಿದಳು. ಮಾವ ಬೆವರುತ್ತಿದ್ದ. ಸಾವಿರ ಹುಡುಗರಿಗೆ ಸಾವಧಾನ್ ಹೇಳುವ ಗಂಟಲು ಎರಡು ಸಲ ಕೆಮ್ಮಿತು.

“ಭಾವ... ಸ್ಟೇಶನ್ ಬಜಾರದಾಗ ಒಂದು ಆಟ ಬಂದದ. ಬರ್ತೀರೇನು?”

ಪೇಪರು ಅಲುಗಲಿಲ್ಲ. ಆಮೇಲೆ ಅದು ನಿಧಾನವಾಗಿ ಕೆಳಗಿಳಿಯಿತು.

“ಚಪ್ಪಲ್ ಹಾಕ್ಕೊಂಡು ಬರ್ತೀನಿ, ನಿಲ್ಲು” ಅಂದ ಅಪ್ಪ.

ಪಾರ್ಲರಿನಲ್ಲಿ ಇಬ್ಬರೂ ಒಂದೇ ಕಡೆ ಆಡಿದರು. ಸ್ಟಿಕ್ಕು ಮಾವನ ಕೈಯಲ್ಲಿ, ಗುಂಡಿಗಳು ಅಪ್ಪನ ಕೈಯಲ್ಲಿ. ಇವನು ಹಿಂದೆ ಎಳೆದಾಗ ಅವನು ಹೊಡೆಯುತ್ತಿದ್ದ, ಅವನು ಒದ್ದಾಗ ಇವನು ಕೂರುತ್ತಿದ್ದ. ಮೂವರೂ ಆಟಗಾರರು ನಿಂತ ನಿಂತಲ್ಲೇ ಹಣ್ಣಾದರು. ಇಷ್ಟು ಬೇಗ ಸೋತವರನ್ನು ತಾನು ನೋಡಿಲ್ಲವೆಂದು ಚಾಚಾ ಇಬ್ಬರಿಗೂ ಚಹಾ ತರಿಸಿದರು.

ಮುಂದೆ ಶರಣು ಬಸುವಿನ ಕೈ ಹಿಡಿದ. ಜಿಲ್ಲಾ ಪಂದ್ಯದಲ್ಲಿ ಕಮಲಾಪುರ ಮೊದಲ ಸುತ್ತಿನಲ್ಲೇ ಸೋತಿತು. ಆದರೆ ಸರಪಳಿ ತುಂಡಾಗಲಿಲ್ಲ, ಇಡೀ ಸಾಲು ಕೈ ಬಿಡದೆ ಒಟ್ಟಿಗೇ ಔಟಾಯಿತು. ಪಾರ್ಲರು ಈಗಿಲ್ಲ, ಆಟ ಮಾತ್ರ ಹೋಗಿಲ್ಲ. ಕುಸನೂರ ರಸ್ತೆಯ ಸೈಬರ್ ಕೆಫೆಯಲ್ಲಿ ಇವತ್ತಿಗೂ ಹುಡುಗರು ಅದನ್ನೇ ಕಂಪ್ಯೂಟರಿಗೆ ಹಾಕಿಕೊಂಡು ಕೀಬೋರ್ಡು ಮುರಿಯುತ್ತಾರೆ. ಅದರ ಹೊಸ ಹೊಸ ಆವೃತ್ತಿಗಳು ಬಂದಿವೆ, ಅದನ್ನು ನೋಡಿ ಹುಟ್ಟಿದ ಆಟಗಳಿಗೆ ಲೆಕ್ಕವಿಲ್ಲ. ಯಾರು ಯಾರ ಟೀಮಿನಲ್ಲಿದ್ದರೆ ಒಳ್ಳೆಯದು ಅಂತ ನಾನೂ ರಾತ್ರಿಯೆಲ್ಲ ವಾದಿಸಬಲ್ಲೆ.

ಆದರೆ ಆ ಭಾನುವಾರ ಮನೆಗೆ ಮರಳಿದ್ದನ್ನು ಹೇಳಲೇ ಇಲ್ಲ. ದಾರಿಯುದ್ದಕ್ಕೂ ಜಗಳ, ಒಳಗೆ ಬಂದ ಮೇಲೂ ಜಗಳ.

“ನೀ ಸ್ಟಿಕ್ ಹಿಂದ ಯಾಕ ಎಳದಿ?”

“ನೀವು ಗುಂಡಿ ತಡಾ ಒತ್ತಿದ್ರಿ, ಭಾವ.”

“ನಾ ತಡಾ ಮಾಡೇ ಇಲ್ಲ. ಅವತ್ತೂ ಮಾಡಿಲ್ಲ, ಇವತ್ತೂ ಮಾಡಿಲ್ಲ.”

“ಅವತ್ತಿಂದು ತೆಗೀಬ್ಯಾಡ್ರಿ, ಅವತ್ತು ನಿಮ್ಮ ಉಸಿರು...”

ಅಡುಗೆಮನೆಯಿಂದ ಅವ್ವ ಕೈ ಒರೆಸಿಕೊಳ್ಳುತ್ತ ಓಡಿ ಬಂದು ಇಬ್ಬರ ನಡುವೆ ನಿಂತಳು. ಯಾರೂ ಅವಳ ಕಡೆ ನೋಡಲಿಲ್ಲ. ಮಾತು ನೇರವಾಗಿ ಹೋಗಿ ನೇರವಾಗಿ ಬರುತ್ತಿತ್ತು. ಅವಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿದಳು. ಮಾಡಲು ಕೆಲಸವಿರಲಿಲ್ಲ. ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ, ಮೆಲ್ಲಗೆ ಕೂತಳು.

ಅವರಿಬ್ಬರೂ ಮನೆಯಲ್ಲಿರುವಾಗ ಅವ್ವ ಕೂತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.