ಟ್ರೆಂಬತ್ ಸಾಹುಕಾರರ ಕೇಕಿನ ತೀರ್ಪು

ಜೇಬೆಜ್ ಟ್ರೆಂಬತ್ ಸಾಹುಕಾರರು ತಮ್ಮ ಅಂಗಡಿಯಲ್ಲಿ ಸಕ್ಕರೆ ತೂಗಿ ಪೊಟ್ಟಣ ಕಟ್ಟುತ್ತಿದ್ದಾಗ ಹೆಂಡತಿ ಲವೀನಿಯಾ ಕೇಳಿದಳು: "ಅಡಿಲೇಡಿಗೆ ಉತ್ತರ ಬರೆದ್ರಾ? ಇನ್ನು ಚುನಾವಣೆಗೆ ನಿಲ್ಲಲ್ಲ ಅಂತ?"

"ಬರೀತೀನಿ ಕಣೆ. ಊರಿನೋರು ನೊಂದ್ಕೋತಾರೆ ಅಂತ ಕೈ ಏಳಲ್ಲ."

ಶಾಸಕಗಿರಿ ಅವರಿಗೆ ಸಾಕಾಗಿತ್ತು. ಮೊಳೆ ಕೊಳ್ಳಲು ಬಂದವರು ಸೇತುವೆ ಕೇಳುತ್ತಿದ್ದರು, ಮೊಳೆ ಕೊಳ್ಳದೆ ಹೋಗುತ್ತಿದ್ದರು. ಮತ್ತೆ ನಿಲ್ಲುತ್ತೀರಾ ಎಂದು ಕೇಳಿದ್ದ ರಾಜಧಾನಿ ಅಡಿಲೇಡಿನ ಪಕ್ಷದವರು ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದರು.

ಅಂದು ಪ್ರಾರ್ಥನಾಮಂದಿರದ ವಾರ್ಷಿಕೋತ್ಸವ. ಕೇಸರಿ ಕೇಕಿನ ಪಂದ್ಯಕ್ಕೆ ಶಾಸಕರೇ ತೀರ್ಪು ಹೇಳುವುದು ವಾಡಿಕೆ. ಗಣಿಯವರೆಲ್ಲ ಮಿಸೆಸ್ ರೋಡಾ ಕಡೆ, ಗೋಧಿ ಬೆಳೆಯುವವರೆಲ್ಲ ಮಿಸೆಸ್ ಹಾಕಿಂಗ್ ಕಡೆ. ಹೆಂಗಸರಿಗೂ ಓಟಿದ್ದ ಸೀಮೆ ಅದು.

ಟ್ರೆಂಬತ್‌ರಿಗೆ ಉಪಾಯ ಹೊಳೆಯಿತು. ಇಬ್ಬರನ್ನೂ ಸಿಟ್ಟಿಗೆಬ್ಬಿಸಿದರೆ ಊರೇ ತನ್ನನ್ನು ಬೇಡವೆನ್ನುತ್ತದೆ. ಆಮೇಲೆ ‘ನಿಲ್ಲಲ್ಲ’ ಎಂದರೆ ನೋಯುವವರು ಯಾರು?

ಮೂಲೆಯಲ್ಲಿ ಮಿಸೆಸ್ ಕಿಟ್ಟೋ ಎಂಬ ವಿಧವೆಯ ಕೇಕಿತ್ತು. ಹುದುಗು ಬಾರದೆ ಸುಟ್ಟ ಇಟ್ಟಿಗೆಯಂತೆ ಕೂತಿತ್ತು. ಕತ್ತರಿಸಹೋದರೆ ಚಾಕುವೇ ಬಾಗಿತು. ಹೇಗೋ ಒಂದು ಚೂರು ಮುರಿದು ಕಡಿದರು.

"ಮೊದಲ ಬಹುಮಾನ ಇದಕ್ಕೆ" ಎಂದರು ಸಾಹುಕಾರರು, ದವಡೆ ಹಿಡಿದುಕೊಂಡು.

ಮಿಸೆಸ್ ಕಿಟ್ಟೋ ಮೆಲ್ಲಗೆ ಬಂದರು. "ನಮ್ಮೋರು ಗಣಿಯಲ್ಲಿ ಹೋದ್ಮೇಲೆ ನನ್ನ ಕೈಯಡುಗೆ ಚೆನ್ನಾಗಿದೆ ಅಂದೋರೇ ಇರ್ಲಿಲ್ಲ, ಸಾಹುಕಾರ್ರೇ."

ಟ್ರೆಂಬತ್ ಎರಡು ಸಲ ಕೆಮ್ಮಿದರು. ಕೇಕಿನ ಚೂರಿರಬೇಕು ಎಂದುಕೊಂಡರು.

ಸಂಜೆ ರೋಡಾ, ಹಾಕಿಂಗ್ ಇಬ್ಬರೂ ಅಂಗಡಿಗೆ ಬಂದರು. ಬೈಗುಳ ತಿನ್ನಲು ಸಾಹುಕಾರರು ಸಂತೋಷದಿಂದ ಎದ್ದು ನಿಂತರು.

"ಹಲ್ಲು ಸರಿಯಾಗಿವೆಯಾ?" ಎಂದರು ಮಿಸೆಸ್ ಹಾಕಿಂಗ್.

"ನನ್ನ ನಾಲಿಗೆ ಸತ್ತಿದೆ, ತಾಯಿ. ನಂಗೆ ಓಟು ಹಾಕ್ಬೇಡಿ."

"ಅದ್ಯಾಕೆ? ಬಹುಮಾನ ನಂಗೆ ಬರ್ಲಿಲ್ಲ, ಹೋಗ್ಲಿ. ಇವ್ರಿಗೂ ಬರ್ಲಿಲ್ವಲ್ಲ."

"ನಂಗೂ ಅದೇ ಸಮಾಧಾನ" ಎಂದರು ಮಿಸೆಸ್ ರೋಡಾ. "ನಮ್ಮಿಬ್ರಿಗೂ ಹೆದರದ ಗಂಡಸು ಈ ಊರಲ್ಲಿ ನೀವೊಬ್ರೇ. ಈ ಸಲ ಎರಡು ಕಡೆಯೋರೂ ನಿಮಗೇ. ಎದುರಿಗೆ ಯಾರನ್ನೂ ನಿಲ್ಸಲ್ಲ. ನಿಲ್ತೀನಿ ಅಂತ ಈಗ್ಲೇ ಅಡಿಲೇಡಿಗೆ ಬರೀರಿ, ಕಾದಿರ್ತೀವಿ."

ಊರಲ್ಲೇ ಕೆಟ್ಟ ಕೇಕೆಂದು ತಿಳಿದೇ ಬಹುಮಾನ ಕೊಟ್ಟೆ ಎನ್ನಲು ಸಾಹುಕಾರರು ಬಾಯಿ ತೆರೆದರು. ಬಾಗಿಲಲ್ಲಿ ಮಿಸೆಸ್ ಕಿಟ್ಟೋ ನಿಂತಿದ್ದರು, ಬಹುಮಾನದ ನೀಲಿ ರಿಬ್ಬನ್ನು ಎದೆಗೆ ಚುಚ್ಚಿಕೊಂಡು.

ಬಾಯಿ ತಾನಾಗಿ ಮುಚ್ಚಿತು. ಗಂಡನ ಮುಖವನ್ನೂ ಆ ರಿಬ್ಬನ್ನನ್ನೂ ನೋಡಿದ ಲವೀನಿಯಾ ನಿಟ್ಟುಸಿರಿಟ್ಟು ಶಾಯಿ ತಂದಿಟ್ಟಳು. ಸಾಹುಕಾರರು ‘ನಿಲ್ತೀನಿ’ ಎಂದು ಬರೆದರು.

ಒಂದೇ ಬೀದಿಯಲ್ಲಿ ಎಂದೂ ಜೊತೆಯಾಗಿ ನಡೆಯದ ಆ ಇಬ್ಬರು ಮಿಸೆಸ್ ಕಿಟ್ಟೋರನ್ನು ನಡುವೆ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿಸಿದರು.