ಕಪಾಟಿನೊಳಗಿನ ಗ್ರಾಫಿಕ್ಸ್ ಕಾರ್ಡ್

ಮನೆಯಲ್ಲಿ ಒಂದು ಯಂತ್ರ ಕೆಟ್ಟರೆ ಓದಿಲ್ಲದವನು "ನಂಗೆ ಇದೆಲ್ಲ ಗೊತ್ತಾಗೂದಿಲ್ಲ ಮಾರಾಯ" ಎಂದು ಕೈಚೆಲ್ಲಿ ಆರಾಮಾಗಿ ಇದ್ದುಬಿಡುತ್ತಾನೆ. ಓದಿದವನಿಗೆ ಆ ಸುಖವಿಲ್ಲ. ಅವನು ಕಾರಣ ಹುಡುಕಬೇಕು. ಹುಡುಕಿದ ಕಾರಣ ತನ್ನಿಂದ ಸಾಕಷ್ಟು ದೂರದಲ್ಲೂ ಇರಬೇಕು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಕ್ಕಳಿಗೆ ಶಾಖದ ಪಾಠ ಮಾಡುತ್ತಲೇ ತಲೆ ನರೆತಿದೆ. ಹಾಗಾಗಿ ನಮ್ಮ ಕಂಪ್ಯೂಟರ್ ನಿಧಾನವಾದಾಗ ನಾನು ಮೊದಲು ಅನುಮಾನಿಸಿದ್ದು ಅಂಗಡಿಯವನನ್ನು, ಆಮೇಲೆ ಕರೆಂಟನ್ನು, ಆಮೇಲೆ ಹೆಂಡತಿಯನ್ನು. ಪಟ್ಟಿ ಅಲ್ಲಿಗೇ ಮುಗಿದಿತ್ತು.

ನನ್ನದು ಕುಶಾಲನಗರದ ಪಕ್ಕದ ಬಯಲು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದವರು ನಾವು. ಮದುವೆಯಾಗಿ, ಮಡಿಕೇರಿಗೆ ವರ್ಗವಾಗಿ, ಹೆಂಡತಿಯ ಊರು ಗಾಳಿಬೀಡಿನಲ್ಲಿ ಮನೆ ಮಾಡಿದ ಮೊದಲ ಮಳೆಗಾಲದಲ್ಲೇ ನನ್ನ ಬೆಲ್ಟು, ಬೂಟು, ಬಿ.ಎಡ್. ಸರ್ಟಿಫಿಕೇಟು ಎಲ್ಲಕ್ಕೂ ಬೂಷ್ಟು ಹಿಡಿಯಿತು. ಮದುವೆಯ ಫೋಟೋದಲ್ಲಂತೂ ನನ್ನ ಮುಖಕ್ಕೆ ಮಾತ್ರ ಹಿಡಿಯಿತು. ಆಗ ಹೆಂಡತಿ ಸರಸು ಇಲ್ಲಿನ ಮದ್ದು ತೋರಿಸಿಕೊಟ್ಟಳು: ಬಟ್ಟೆಯ ಕಪಾಟಿನೊಳಗೆ ಒಂದು ನಲವತ್ತು ವ್ಯಾಟಿನ ಬಲ್ಬು, ಮಳೆ ಹಿಡಿದ ದಿನದಿಂದ ಬಿಡುವ ದಿನದವರೆಗೆ. ಹುಟ್ಟಿದಾಗಿನಿಂದ ಇದನ್ನು ಕಂಡ ಅವಳು ಒಂದು ಬಲ್ಬು ಹಾಕಿ ಅದನ್ನು ಮರೆತಳು. ನಾನು ಹೊಸದಾಗಿ ದೀಕ್ಷೆ ತೆಗೆದುಕೊಂಡವನು, ಮರೆಯುವುದುಂಟೇ? ಎಲ್‌ಇಡಿ ಬಂದು ಹಳೇ ಬಲ್ಬು ಸಿಗದಂತಾದಾಗ ನಾಪೋಕ್ಲಿನವರೆಗೆ ಬಸ್ಸಿನಲ್ಲಿ ಹೋಗಿ ಒಂದು ಡಜನ್ ತಂದಿಟ್ಟೆ. ಬಾಗಿಲ ಸಂದಿಯಿಂದ ಥಂಡಿ ನುಗ್ಗದಿರಲೆಂದು ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದೆ. ಮೂರು ಮಳೆಗಾಲದ ಹಿಂದೆ ಕಪಾಟಿನ ಪಕ್ಕಕ್ಕೆ ತೂತು ಕೊರೆದು, ಕಂಪ್ಯೂಟರಿನ ಡಬ್ಬಿಯನ್ನೇ ರೇಷ್ಮೆ ಸೀರೆಗಳ ನಡುವೆ ಕೂರಿಸಿ, ವೈರುಗಳನ್ನು ಮಾತ್ರ ಹೊರಗೆಳೆದು ಮೇಜಿನ ಮೇಲಿನ ಪರದೆಗೆ ಜೋಡಿಸಿದೆ. ನೋಡಲು ಬಂದವರಿಗೆಲ್ಲ ತೋರಿಸಿದ್ದೇನೆ. ನೋಡಲು ಬಾರದವರನ್ನು ಕರೆದು ತೋರಿಸಿದ್ದೇನೆ.

ಈ ಜೂನಿನಲ್ಲಿ ಮಗಳು ದೀಪ್ತಿ ಮೈಸೂರಿನಿಂದ ಬಂದಳು. ಕಟ್ಟಡಗಳ ವಿನ್ಯಾಸ ಕಲಿಯುತ್ತಿದ್ದಾಳೆ, ಕೊನೆಯ ವರ್ಷ. ಅವಳ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ತಾನು ರೂಪಿಸಿದ ಆಸ್ಪತ್ರೆಯೊಳಗೆ ನಡೆದಾಡಿದಂತೆ ಕಾಣುವ ವಿಡಿಯೋ ಒಂದನ್ನು ಗುರುವಾರ ಸಂಜೆ ಐದರೊಳಗೆ ಕಾಲೇಜಿಗೆ ಕಳುಹಿಸಬೇಕು, ತಪ್ಪಿದರೆ ಒಂದು ವರ್ಷ ಹೋಯಿತು. ಅದಕ್ಕೆ ಕಂಪ್ಯೂಟರಿನೊಳಗೆ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕೆಂದಳು. ಮಡಿಕೇರಿಯಲ್ಲಿ ನಾನು ಬಸ್ಸಿಳಿದು ಶಾಲೆಗೆ ಹೋಗುವ ದಾರಿಯಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿರುವ ಹಂಸ ಒಂದು ಕಾರ್ಡ್ ಹಾಕಿಕೊಟ್ಟ. ಇಟ್ಟಿಗೆಯಷ್ಟು ದಪ್ಪ, ಎರಡು ಫ್ಯಾನು. ಅಂಗಡಿಯಲ್ಲಿ ಹುಲಿಯಂತೆ ಓಡಿತು. ಮನೆಗೆ ತಂದು ಸೀರೆಗಳ ನಡುವೆ ಇಟ್ಟು ಬಾಗಿಲು ಹಾಕಿದೆ. ಹತ್ತು ನಿಮಿಷ ಓಡಿತು. ಆಮೇಲೆ ಮೌಸ್ ಎಳೆದರೆ ಬಾಣದ ಗುರುತು ಯೋಚನೆ ಮಾಡಿ ಹೊರಡತೊಡಗಿತು.

ಅಲ್ಲಿಂದ ನನ್ನ ಸಂಶೋಧನೆ ಶುರು. ವೈರಸ್ ಹುಡುಕಿದೆ. ಬೇಡದ್ದನ್ನು ಅಳಿಸುತ್ತಾ ಬೇಕಾದ್ದನ್ನೂ ಅಳಿಸಿದೆ. ಸರಸು ಮಿಕ್ಸಿ ಹಾಕುವುದರಿಂದ ಕರೆಂಟು ಕುಗ್ಗುತ್ತದೆಂದು ಘೋಷಿಸಿ ಎರಡು ದಿನ ಮನೆಮಂದಿಗೆ ಚಟ್ನಿ ಇಲ್ಲದಂತೆ ಮಾಡಿದೆ. "ಬಾಗಿಲು ಸ್ವಲ್ಪ ತೆಗ್ದಿಡ್ಲಾ ಅಪ್ಪಾ?" ಎಂದು ದೀಪ್ತಿ ಕೇಳಿದಾಗ, ಗಾಳಿಯಲ್ಲಿನ ತೇವಾಂಶದ ಬಗ್ಗೆ ಇಪ್ಪತ್ತು ನಿಮಿಷ ಪಾಠ ಮಾಡಿದೆ. ಪಾಪ, ಅವಳಿಗೆ ಉಳಿದಿದ್ದ ಹೊತ್ತಿನಲ್ಲಿ ಆ ಇಪ್ಪತ್ತು ನಿಮಿಷವೂ ಹೋಯಿತು. ಎರಡು ಸಲ ಡಬ್ಬಿಯನ್ನು ಬಾಡಿಗೆ ಜೀಪಿನಲ್ಲಿ ಹೊತ್ತು ಹಂಸನಲ್ಲಿಗೆ ಹೋದೆ. ಅಲ್ಲಿ ಮತ್ತೆ ಹುಲಿ. ಮನೆಯಲ್ಲಿ ಜ್ವರದಿಂದ ನರಳುವ ಮಗು ಡಾಕ್ಟರರ ಮುಂದೆ ಕುಣಿಯುತ್ತದಲ್ಲ, ಹಾಗೆ. "ಸಾರೇ, ಮನೆಯಲ್ಲಿ ಗಾಳಿ ಆಡುವ ಜಾಗದಲ್ಲೇ ಇಟ್ಟಿದ್ದೀರಲ್ಲ?" ಎಂದು ಕೇಳಿದ. "ಗಾಳಿಬೀಡಿನಲ್ಲಿ ಗಾಳಿಗೆ ಬರವಾ?" ಎಂದು ನಗೆಯಾಡಿದೆ. ಎರಡನೆಯ ಸಲ ನಗೆಯೂ ಉಳಿಯಲಿಲ್ಲ. ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ, "ಯಾರೋ ಬಳಸಿ ಬಿಟ್ಟ ಕಾರ್ಡನ್ನು ಒರೆಸಿ ಕೊಟ್ಟಿದ್ದೀಯ. ನನ್ನ ಮಗಳ ವರ್ಷ ಹಾಳಾದರೆ ನಿನ್ನನ್ನು ಬಿಡುವುದಿಲ್ಲ" ಎಂದುಬಿಟ್ಟೆ. ಹಂಸನ ಮುಖ ಇಳಿಯಿತು. "ಇಲ್ಲ ಸಾರೇ, ಹಾಗೆ ಮಾಡುವವನಲ್ಲ ನಾನು" ಎಂದ, ಅಷ್ಟೆ.

ಗುರುವಾರ ಮಧ್ಯಾಹ್ನ ಹನ್ನೆರಡು. ವಿಡಿಯೋ ಮುಗಿಯಲು ಇನ್ನೂ ಹದಿನೆಂಟು ಗಂಟೆ ಬೇಕೆಂದು ಪರದೆ ಹೇಳುತ್ತಿತ್ತು. ದೀಪ್ತಿ ಅಳು ನುಂಗಿಕೊಂಡು ಕೂತಿದ್ದಳು. ಅಷ್ಟರಲ್ಲಿ ಸರಸು ನೆಂಟರ ಮನೆಯ ನಾಮಕರಣಕ್ಕೆ ಹೊರಡಲೆಂದು ಕಪಾಟು ತೆಗೆದು, ಸೀರೆ ಎಳೆದವಳೇ ಕೈಬಿಟ್ಟಳು. ಗಾಬರಿಯಾದರೆ ಅವಳ ಬಾಯಲ್ಲಿ 'ಉಂಟು' ಎಂಬುದು ಅರೆಭಾಷೆಯ 'ಉಟ್ಟು' ಆಗುತ್ತದೆ.

"ಇದ್ ಎಂತ! ಇಸ್ತ್ರಿ ಹಾಕ್ದಂಗೆ ಬಿಸಿ ಉಟ್ಟಲ್ಲ ಈ ಸೀರೆ! ನಿಮ್ಮ ಡಬ್ಬಿ ಒಳಗೆ ಬೇಯ್ತಾ ಉಟ್ಟು!"

ದೀಪ್ತಿ ಎದ್ದು ಬಂದು ಡಬ್ಬಿಯ ಮೇಲೆ ಕೈಯಿಟ್ಟಳು, ಬಲ್ಬು ನೋಡಿದಳು, ಸೈಕಲ್ ಟ್ಯೂಬು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಅಪ್ಪಾ, ತುಂಬ ಬಿಸಿಯಾದ್ರೆ ಈ ಕಾರ್ಡ್ ಸುಟ್ಟು ಹೋಗ್ಬಾರ್ದು ಅಂತ ತಾನೇ ನಿಧಾನ ಮಾಡ್ಕೊಳ್ತದೆ. ಹಳೇದಕ್ಕೆ ಅಷ್ಟು ಬಿಸಿ ಇರ್ಲಿಲ್ಲ, ನಡೀತು. ಇದನ್ನ ನೀವು ಬಲ್ಬಿನ ಜೊತೆ ಗೂಡಲ್ಲಿಟ್ಟು ಕಾವು ಕೊಟ್ಟಿದೀರಿ." ಅವಳ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಒಂದಿಷ್ಟು ರೇಗಾಡುವ ಅವಕಾಶವಾದರೂ ಸಿಗುತ್ತಿತ್ತು. ನಿಜ ಹೇಳುತ್ತೇನೆ, ನಾಚಿಕೆಯಾಯಿತು.

ಡಬ್ಬಿಯನ್ನು ಹೊರಗೆಳೆದು ಕಿಟಕಿಯ ಪಕ್ಕ ಸ್ಟೂಲಿನ ಮೇಲಿಟ್ಟಳು. ಪರದೆಯ ಮೇಲಿನ ಹದಿನೆಂಟು ಗಂಟೆ ನಾಲ್ಕಕ್ಕೆ ಇಳಿಯಿತು. ಐದಕ್ಕೆ ಹದಿನೈದು ನಿಮಿಷ ಇರುವಾಗ ವಿಡಿಯೋ ಕಾಲೇಜಿಗೆ ತಲುಪಿತು. ನಾಮಕರಣ ಬಿಟ್ಟು ಉಳಿದಿದ್ದ ಸರಸುವೂ ಸೇರಿ ನಾವು ಮೂವರೂ ಉಸಿರುಬಿಡುವಷ್ಟರಲ್ಲಿ ಅಂಗಳದಲ್ಲಿ ಸ್ಕೂಟರಿನ ಸದ್ದು. ಹಂಸ! ಮೈಯೆಲ್ಲ ಒದ್ದೆ. ಮಳೆಕೋಟನ್ನು ತಾನು ತೊಟ್ಟಿರಲಿಲ್ಲ. ಎದೆಗವಚಿಕೊಂಡಿದ್ದ ಪೊಟ್ಟಣಕ್ಕೆ ಸುತ್ತಿದ್ದ.

"ನನ್ನ ಅಂಗಡಿ ಕಂಪ್ಯೂಟರಿನ ಕಾರ್ಡ್ ಬಿಚ್ಚಿ ತಂದೆ ಸಾರೇ. ಕಾರ್ಡ್ ಯಾರದ್ದೇ ಆಗಲಿ, ಮಗುವಿನ ಪರೀಕ್ಷೆ ಕೆಡಬಾರದು."

ಆಯಿತು, ಕಳುಹಿಸಿದೆವು ಎಂದೆ. ಅವನ ಮುಖ ಅರಳಿತು. "ಹೌದಾ! ಎಂತ ಆಗಿತ್ತು ಸಾರೇ?"

ಹೆಂಡತಿ, ಮಗಳು ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ವೋಲ್ಟೇಜು" ಎಂದೆ.

ಹಂಸ ಹೌದೆಂದು ತಲೆಯಾಡಿಸಿದ. ಸರಸು ಕೊಟ್ಟ ಟವೆಲಿನಲ್ಲಿ ತಲೆ ಒರೆಸಿಕೊಂಡ, ಕಾಫಿ ಕುಡಿದ, ದೀಪ್ತಿಯ ಆಸ್ಪತ್ರೆಯನ್ನು ನೋಡಿ ಹೊಗಳಿದ. ಹೊರಡುವಾಗ ಬಾಗಿಲು ತೆರೆದ ಕಪಾಟಿನ ಮುಂದೆ ಒಂದು ಗಳಿಗೆ ನಿಂತು, ಕೈ ಒಳಗೆ ಹಾಕಿ, ಇನ್ನೂ ಉರಿಯುತ್ತಿದ್ದ ಬಲ್ಬನ್ನು, ಅಂದರೆ ನನ್ನ ವೋಲ್ಟೇಜನ್ನು, ಮೆಲ್ಲಗೆ ಆರಿಸಿದ. "ಸೀರೆಗೆ ಇಷ್ಟು ಬಿಸಿ ಸಾಕು ಸಾರೇ" ಎಂದು ನಗುತ್ತಾ ಮಳೆಗಿಳಿದ.

ನಾನೀಗ ಮಡಿಕೇರಿಯಲ್ಲಿ ಬಸ್ಸಿಳಿದು ಶಾಲೆಗೆ ಸುತ್ತುಬಳಸಿನ ದಾರಿಯಲ್ಲಿ ಹೋಗುತ್ತೇನೆ. ನಡೆದಾಟ ಆರೋಗ್ಯಕ್ಕೆ ಒಳ್ಳೆಯದು ಎಂದು ಮನೆಯಲ್ಲಿ ಹೇಳಿದ್ದೇನೆ.